ಮನುಷ್ಯರದಲ್ಲದ ಹೆಸರು

ಮೊಳಕಾಲ್ಮೂರಿನ ದ್ರಾಕ್ಷಾಯಣಮ್ಮ ಮೂರು ತಿಂಗಳು ಕೂತು ಬರೆದ ಹಂಸದ ಅಂಚು, ಮಗ್ಗಕ್ಕೆ ಏರುವ ಮೊದಲೇ ಬೇರೆ ಊರಿನ ಪವರ್‌ಲೂಮ್ ಸೀರೆಯಲ್ಲಿ ಬಂದುಬಿಟ್ಟಿತ್ತು. ಹೀಗಾದದ್ದು ಇದು ಎರಡನೇ ಸಲ. ನೇಕಾರರ ಕಂಪನಿಯ ಅಧ್ಯಕ್ಷ ಓಂಕಾರಮೂರ್ತಿಗೆ ಅನುಮಾನ ಬಂದದ್ದು ಆಕೆಯ ಮೇಲೆಯೇ. ಕೈಗೆತ್ತಿಕೊಂಡಿರುವ ನವಿಲಿನ ಅಂಚು ಮುಗಿದ ಮೇಲೆ ಆಕೆಗೆ ಇನ್ನು ಕೆಲಸ ಕೊಡುವುದು ಬೇಡವೆಂದು ಸಭೆಯಲ್ಲಿ ಹೇಳಿಯೂ ಬಿಟ್ಟಿದ್ದರು.

ಚಳ್ಳಕೆರೆಯ ಕಚೇರಿಯಲ್ಲಿ ಸರ್ವರ್ ನೋಡಿಕೊಳ್ಳುತ್ತಿದ್ದ ತ್ರಿವೇಣಿ ಇದನ್ನು ನಂಬಲಿಲ್ಲ. ಕಂಪನಿಯ ವಿನ್ಯಾಸಗಳೆಲ್ಲ ಬೀಗ ಹಾಕಿದ ಫೈಲುಗಳು. ಯಾರು ಕದ್ದೊಯ್ದರೂ ಸರ್ವರ್ ಅನುಮತಿ ಕೊಡದೆ ತೆರೆಯುವುದಿಲ್ಲ. ನೇಕಾರರ ಮನೆಯ ಮಗ್ಗಗಳೂ ಆ ಅನುಮತಿ ಸಿಕ್ಕರೆ ಮಾತ್ರ ನೇಯುತ್ತವೆ. ಕೊಟ್ಟ ಅನುಮತಿಯೆಲ್ಲ ಅಲ್ಲೇ ದಾಖಲಾಗುತ್ತದೆ. ಅವಳು ಎರಡು ದಿನ ಆ ದಾಖಲೆ ಜಾಲಾಡಿದಳು. ದ್ರಾಕ್ಷಾಯಣಮ್ಮ ತೆರೆದದ್ದು ತನ್ನ ಫೈಲುಗಳನ್ನು ಮಾತ್ರ. ಎಲ್ಲವನ್ನೂ ತೆರೆದಿದ್ದ ಹೆಸರು ಮನುಷ್ಯರದಲ್ಲ, ಸರ್ವರ್ ತನ್ನ ಕೆಲಸ ನಡೆಸಲೆಂದು ಇದ್ದ ಸರ್ವಿಸ್ ಅಕೌಂಟಿನದು. ಸರ್ವರ್ ಕೂರಿಸಿದ ಹಳೆಯ ಗುತ್ತಿಗೆದಾರ ಅದಕ್ಕೆ ಸಕಲ ಅಧಿಕಾರವನ್ನೂ ಕೊಟ್ಟುಹೋಗಿದ್ದ. ಐದು ವರ್ಷದಿಂದ ಪಾಸ್‌ವರ್ಡ್ ಯಾರೂ ಬದಲಿಸಿರಲಿಲ್ಲ.

ವಿಷಯ ಕೇಳಿ ಓಂಕಾರಮೂರ್ತಿ ಹೆದರಿದರು.

“ಅದನ್ನ ಮುಟ್ಟಿದ್ರೆ ನಲವತ್ತು ಮಗ್ಗ ನಿಂತೋಗ್ತವೆ ಕಣಮ್ಮ. ಜವಾಬ್ದಾರಿ ಯಾರ್ದು?”

“ನಂದೇ ಸಾರ್. ಊಟದ ಹೊತ್ತಲ್ಲಿ ಒಂದು ಗಂಟೆ ಕೊಡ್ರಿ. ಆಗ್ಲಿಲ್ಲ ಅಂದ್ರೆ ಮೊದ್ಲಿನಂಗೇ ಮಾಡಿಕೊಡ್ತೀನಿ.”

ಅವರು ಒಲ್ಲದ ಮನಸ್ಸಿನಿಂದ ಒಪ್ಪಿದರು.

ತ್ರಿವೇಣಿ ಹೊಸ ಅಕೌಂಟ್ ಮಾಡಿದಳು. ಅದಕ್ಕಿರುವುದು ಅನುಮತಿ ಹಂಚುವ ಕೆಲಸವೊಂದೇ, ಒಂದು ವಿನ್ಯಾಸವನ್ನೂ ತೆರೆಯುವ ಹಕ್ಕಿಲ್ಲ. ಮನುಷ್ಯರು ಯಾರೂ ಆ ಹೆಸರಲ್ಲಿ ಒಳಗೆ ಬರುವಂತಿಲ್ಲ. ಪಾಸ್‌ವರ್ಡನ್ನು ಯಂತ್ರವೇ ಆಗಾಗ ಬದಲಿಸಿಕೊಳ್ಳುತ್ತದೆ. ಹಳೆಯದನ್ನು ಮುಚ್ಚಿ ಸರ್ವರ್ ಶುರು ಮಾಡಿದರೆ ಅದು ಏಳಲಿಲ್ಲ. ಗಡಿಯಾರ ನೋಡಿದಳು, ಇನ್ನು ಇಪ್ಪತ್ತೇ ನಿಮಿಷ. ಕೊಟ್ಟ ಹಕ್ಕುಗಳನ್ನು ಒಂದೊಂದಾಗಿ ಓದುತ್ತ ಬಂದಾಗ ತಪ್ಪು ಸಿಕ್ಕಿತು. ಕೊಟ್ಟ ಅನುಮತಿಗಳ ದಾಖಲೆ ಬರೆಯುವ ಹಕ್ಕನ್ನೇ ಹೊಸ ಅಕೌಂಟಿಗೆ ಕೊಡಲು ಮರೆತಿದ್ದಳು. ಕೊಟ್ಟದ್ದೇ ತಡ, ಸರ್ವರ್ ಎದ್ದಿತು. ಕೂಡಲೇ ಮೊಳಕಾಲ್ಮೂರಿಗೆ ಫೋನ್ ಮಾಡಿದಳು.

“ಬಂತು ಕಣವ್ವಾ,” ಎಂದರು ದ್ರಾಕ್ಷಾಯಣಮ್ಮ. “ನನ್ನ ನವಿಲು ತೆರೀತು. ಪಕ್ಕದ ಮನೇಲೂ ಮಗ್ಗ ಆಡ್ತೈತೆ.”

ಸಂಜೆ ನಾಲ್ಕಕ್ಕೆ ಯಾರೋ ಹಳೆಯ ಹೆಸರಲ್ಲಿ ಒಳಗೆ ಬರಲು ನೋಡಿದರು. ಹನ್ನೊಂದು ಸಲ ಪ್ರಯತ್ನಿಸಿದರು, ಹನ್ನೊಂದು ಸಲವೂ ಸರ್ವರ್ ಹೊರಗೆ ನಿಲ್ಲಿಸಿತು. ಬಂದ ಇಂಟರ್ನೆಟ್ ವಿಳಾಸ ಅದೇ ಗುತ್ತಿಗೆದಾರನ ಕಚೇರಿಯದು. ತ್ರಿವೇಣಿ ಆ ದಾಖಲೆ ಮುದ್ರಿಸಿದ ಹಾಳೆಯನ್ನು ಓಂಕಾರಮೂರ್ತಿಯವರ ಮುಂದಿಟ್ಟಳು. ಅವರು ಎರಡು ಸಲ ಓದಿ, ಗುತ್ತಿಗೆದಾರನ ಮೇಲಿನ ಪೊಲೀಸ್ ದೂರಿಗೆ ಸಹಿ ಹಾಕಿ, ಕಾರು ತರಿಸಿ ಅವಳನ್ನೂ ಕರೆದುಕೊಂಡು ಮೊಳಕಾಲ್ಮೂರಿಗೆ ಹೊರಟರು.

ಮನೆಯೊಳಗೆ ಅವರು ತಪ್ಪಾಯಿತೆಂದಾಗ ದ್ರಾಕ್ಷಾಯಣಮ್ಮ ಲಾಳಿ ಕೆಳಗಿಡಲಿಲ್ಲ. “ಸಭೇಲಿ ಹೇಳಿದ್ದನ್ನ ಸಭೇಲೇ ವಾಪಸ್ ತಗಳ್ರಿ,” ಎಂದರು.

ಅವರು ಹಾಗೆಯೇ ಮಾಡಿದರು. ಆ ತಿಂಗಳ ಸಭೆಯಲ್ಲಿ ಎದ್ದು ನಿಂತು ಕ್ಷಮೆ ಕೇಳಿದರು. ನವಿಲಿನ ಅಂಚು ಅಷ್ಟು ಹೊತ್ತಿಗೆ ಮಾರುಕಟ್ಟೆಯಲ್ಲಿತ್ತು, ನಕಲು ಎಲ್ಲೂ ಇರಲಿಲ್ಲ. ಅನುಮತಿಗಳ ಹೊಣೆ ಇನ್ನು ತ್ರಿವೇಣಿಯದೆಂದು ತೀರ್ಮಾನವಾಯಿತು. ಒಬ್ಬರ ಕೈಯಲ್ಲಿ ಎಲ್ಲ ಬೀಗದ ಕೈ ಇರಬಾರದು, ಅಧ್ಯಕ್ಷರ ಕೈಯಲ್ಲೂ ತನ್ನ ಕೈಯಲ್ಲೂ ಇರಬಾರದು ಎಂಬ ನಿಯಮವನ್ನು ಅವಳು ಮಂಡಿಸಿದಳು. ಅದಕ್ಕೆ ಒಪ್ಪಿ ಮೊದಲು ಕೈ ಎತ್ತಿದವರು ಓಂಕಾರಮೂರ್ತಿ.