ಚೆಂಡಿನ ನೆರಳು

ಅಪ್ಪನಿಗೆ ಪಾರ್ಶ್ವವಾಯು ಬಡಿದು ಬಲಗೈ ಸೋತಾಗ, ಬೆರಳು ಆಡಿಸುವಂಥ ಏನಾದರೂ ಅಭ್ಯಾಸ ಮಾಡಿಸಿ ಎಂದಿದ್ದರು ವೈದ್ಯರು. ಆಯುಷ್ಯವೆಲ್ಲ ಗೋಡೆಗೆ ಗಾರೆ ಬಳಿದ ಮನುಷ್ಯ. ಕೈಗೆ ಮೆತ್ತನೆಯ ರಬ್ಬರ್ ಉಂಡೆ ಕೊಟ್ಟರೆ ಮಂಚದ ಕೆಳಗೆ ಉರುಳಿಸಿ ಮಲಗಿಬಿಡುತ್ತಿದ್ದ. ಕೊನೆಗೆ ಮಗಳು ತನ್ನ ಜೆರಾಕ್ಸ್ ಅಂಗಡಿಯಲ್ಲಿ ಮೂಲೆ ಸೇರಿದ್ದ ಕಂಪ್ಯೂಟರನ್ನು ಹೊತ್ತು ತಂದು ಟೆನಿಸ್ ಗೇಮ್ ಹಾಕಿ, ಗುಂಡಿ ಒತ್ತಿ ಆಡಿಸುವ ಕಂಟ್ರೋಲರನ್ನು ಅವನ ಬಲಗೈಗೆ ಕೊಟ್ಟಳು. ಅದು ಹಿಡಿಸಿತು ನೋಡಿ. ತೆರೆಯ ಮೇಲಿನ ಎದುರಾಳಿಗೆ ಬಾಯಿ ತುಂಬ ಬೈಯುತ್ತ, ಊಟಕ್ಕೆ ಕರೆದರೂ ಏಳದೆ ಆಡತೊಡಗಿದ.

ಅವನ ಜೊತೆ ಕೆಲಸ ಮಾಡುತ್ತಿದ್ದ ಉದ್ದಣ್ಣ ಒಂದು ಸಂಜೆ ಬಂದ. "ಹೊಸ ಕಟ್ಟಡ ಶುರುವಾಗ್ತಿದೆ. ಬರ್ತೀಯೇನೋ?"

"ಇವನನ್ನ ಒಂದು ಮ್ಯಾಚ್ ಸೋಲಿಸ್ತೀನಿ ತಡಿ. ಆಮೇಲೆ ಬರ್ತೀನಿ," ಎಂದ ಅಪ್ಪ, ತೆರೆ ತೋರಿಸಿ. ಇಬ್ಬರೂ ನಕ್ಕರು. ಮಗಳು ಮಾತ್ರ ನಗಲಿಲ್ಲ. ಅಪ್ಪ ತಮಾಷೆಗೆ ಹೇಳಿದ್ದಲ್ಲ ಎಂದು ಅವಳಿಗೆ ಗೊತ್ತಿತ್ತು.

ಆದರೆ ಕಂಪ್ಯೂಟರಿಗೆ ವಯಸ್ಸಾಗಿತ್ತು. ಹಾರಿದ ಚೆಂಡು ನಡುದಾರಿಯಲ್ಲಿ ನಿಂತು, ತಡವರಿಸಿ, ಮತ್ತೆ ಹೊರಡುತ್ತಿತ್ತು. ರಜೆಯ ದಿನ ಅಪ್ಪ ಮಲಗಿದ್ದಾಗ ಮಗಳು ಗ್ರಾಫಿಕ್ಸ್ ಸೆಟ್ಟಿಂಗ್ಸ್ ತೆರೆದು ಕೂತಳು. ಗೇಮಿನ ವೇಗ ತೋರಿಸುವ ಅಂಕಿ ಮೂಲೆಯಲ್ಲಿ ಇಪ್ಪತ್ತರ ಆಚೆ ಏಳಲೊಲ್ಲದು. ಚಿತ್ರದೊಳಗಿನ ನೆರಳು ತೆಗೆದಳು. ಅಂಕಿ ಒಮ್ಮೆಗೇ ದುಪ್ಪಟ್ಟಾಯಿತು. ಅಬ್ಬಾ, ಈ ನೆರಳು ಕಟ್ಟಿಕೊಂಡು ಯಾರಿಗೇನಾಗಬೇಕು! ಮೈದಾನದ ಸುತ್ತಲಿನ ಮರ, ಕೈ ಬೀಸುವ ಜನ, ಮಿರಮಿರ ಮಿಂಚುವ ಅಂಗಳ, ಇವನ್ನೆಲ್ಲ ಕೆಡಿಸಲು ಅವಳಿಗೆ ಮನಸ್ಸಾಗಲಿಲ್ಲ. ಅಂಕಿ ನೋಡಿ ತೃಪ್ತಿಪಟ್ಟಳೇ ಹೊರತು ಒಂದು ಆಟವನ್ನೂ ಆಡಿ ನೋಡಲಿಲ್ಲ.

ಅಂದಿನಿಂದ ಗೇಮ್ ಎಲ್ಲೂ ತಡೆಯದೆ ಓಡಿತು. ಅಪ್ಪ ಮಾತ್ರ ಸೋಲತೊಡಗಿದ. ಮೊದಲು ಐದರಲ್ಲಿ ಮೂರು ಚೆಂಡಿಗಾದರೂ ರಾಕೆಟ್ ತಾಗಿಸುತ್ತಿದ್ದವನಿಗೆ ಈಗ ಒಂದೂ ಸಿಗದು. ಬೈಗುಳ ನಿಂತಿತು. ಮನೆಯಲ್ಲಿ ಆ ಸದ್ದಿಲ್ಲದ್ದು ಮಗಳಿಗೆ ತಡವಾಗಿ ಹೊಳೆಯಿತು. ಅಂಗಡಿಯಿಂದ ಅವಳು ಬೇಗ ಬಂದ ದಿನ ಅಪ್ಪ ಫೋನಿನಲ್ಲಿದ್ದ.

"ನನ್ನ ದಾರಿ ಕಾಯಬೇಡ ಉದ್ದಣ್ಣ. ಬೇರೆ ಯಾರನ್ನಾದ್ರೂ ನೋಡ್ಕೋ."

ಫೋನ್ ಇಟ್ಟು ಮಗಳತ್ತ ತಿರುಗಿದ. "ಕೈ ಮಾತು ಕೇಳ್ತಿಲ್ಲ ಕಣಮ್ಮ. ಮೊದ್ಲು ಕಂಪ್ಯೂಟರ್ ಮೇಲೆ ತಪ್ಪು ಹೊರಿಸ್ತಿದ್ದೆ. ಈಗ ಅದು ಸರಿಯಾಗಿದೆ."

"ಹೀಗೆ ಆಡಪ್ಪ, ನೋಡು," ಎನ್ನುತ್ತ ಕಂಟ್ರೋಲರ್ ಕಿತ್ತುಕೊಂಡಳು. ಮೊದಲ ಚೆಂಡು ತಪ್ಪಿತು. ಎರಡನೆಯದೂ ತಪ್ಪಿತು. ಚೆಂಡು ಗಾಳಿಯಲ್ಲಿದೆ, ಸರಿ. ಆದರೆ ಎಷ್ಟು ಎತ್ತರದಲ್ಲಿದೆ, ಎಲ್ಲಿ ಬೀಳುತ್ತದೆ, ದೇವರಾಣೆ ಗೊತ್ತಾಗುತ್ತಿಲ್ಲ. ಅವಳ ಕೈಗೇನೂ ಬಡಿದಿರಲಿಲ್ಲವಲ್ಲ. ಇನ್ನೊಮ್ಮೆ ಆಡಿ, ನೆಲ ನೋಡಿದಳು. ನೆಲ ಖಾಲಿ. ನೆಲದ ಮೇಲೆ ಓಡುವ ಚೆಂಡಿನ ನೆರಳಿನ ಆ ಕಪ್ಪು ಚುಕ್ಕೆ ನೋಡಿಕೊಂಡೇ ಅಪ್ಪ ಇಷ್ಟು ದಿನ ನಿಲ್ಲುವ ಜಾಗ ಹುಡುಕುತ್ತಿದ್ದದ್ದು. ಅದನ್ನೇ ಅವಳು ಬೇಡವೆಂದು ಕಿತ್ತೆಸೆದಿದ್ದಳು.

"ನಿನ್ನ ಕೈಯದಲ್ಲಪ್ಪ ತಪ್ಪು. ನಂದು."

ಅಲ್ಲೇ ಕೂತು ಮತ್ತೆ ಸೆಟ್ಟಿಂಗ್ಸ್ ತೆರೆದಳು. ಮರ ಹೋಯಿತು. ಕೈ ಬೀಸುವ ಜನ ಹೋದರು. ಅಂಗಳದ ಮಿಂಚು ಹೋಯಿತು. ಚಿತ್ರದ ಅಂಚುಗಳು ಒರಟಾದವು. ವೇಗ ಕುಗ್ಗದೆ ನೆರಳು ಮರಳಿತು. ಅಪ್ಪ ಹಿಂದೆ ನಿಂತು ಒಂದೊಂದನ್ನೂ ಗಮನಿಸಿದ. ಹೋದದ್ದಕ್ಕೆಲ್ಲ "ಹೋಗ್ಲಿ ಬಿಡು" ಎಂದ.

ಆ ದಿನ ಅವನು ಗೆಲ್ಲಲಿಲ್ಲ. ಕೂದಲೆಳೆಯಲ್ಲಿ ಸೋತ, ಎದುರಾಳಿಯ ಮನೆತನವನ್ನೆಲ್ಲ ಜಾಲಾಡಿದ. ಆಮೇಲೆ ಫೋನ್ ತೆಗೆದುಕೊಂಡ.

"ಉದ್ದಣ್ಣ, ಯಾರನ್ನಾದ್ರೂ ಗೊತ್ತು ಮಾಡಿದ್ಯಾ? ಇಲ್ವಾ? ಕೇಳು ಹಾಗಾದ್ರೆ. ಸಿಮೆಂಟ್ ಮೂಟೆ ಹೊರಲ್ಲ. ಏಣಿ ಹತ್ತಲ್ಲ. ಮಧ್ಯಾಹ್ನದ ಮೇಲೆ ಇರಲ್ಲ. ಗೋಡೆ ನುಣುಪು ಮಾಡೋ ಕೊನೇ ಕೈ ಗಾರೆ ಮಾತ್ರ ನಂದು, ಅದನ್ನ ಬೇರೆ ಯಾರೂ ಮುಟ್ಟಬಾರದು."

ಆಚೆಯಿಂದ ಉದ್ದಣ್ಣನ ದನಿ ಮಗಳಿಗೂ ಕೇಳಿಸಿತು. "ಅದಕ್ಕೇ ತಾನೇ ಮಾರಾಯ, ನಿನ್ನ ಕರೆದದ್ದು."