ಝಡ್ ಡ್ರೈವಿನ ಪ್ರತಾಪ

ನನ್ನ ಬೀಗ ಒಡೆಯಲು ಏಳು ದೇಶಗಳ ಸೈನ್ಯ ಒಟ್ಟಿಗೆ ಬಂದಿತ್ತು. ತಿಪಟೂರಿನ ಬಸ್ ಸ್ಟ್ಯಾಂಡಿನಿಂದ ರೈಲ್ವೆ ಸ್ಟೇಷನ್ನಿನವರೆಗೆ ಸಾಲು ನಿಂತಿತ್ತು. ಮನೆಯಷ್ಟು ದೊಡ್ಡ ಕಂಪ್ಯೂಟರೊಂದನ್ನು ತಂದು ನನ್ನೆದುರು ಇಟ್ಟರು. ಅದು ಮೂರು ದಿನ ಪಾಸ್‌ವರ್ಡ್ ಹುಡುಕಿ ಸುಸ್ತಾಗಿ, ನಾಲ್ಕನೆಯ ದಿನ ಹೊಗೆ ಬಿಟ್ಟು, "ಅಪ್ಪಾ, ನಿನ್ನ ಕಾಲಿಗೆ ಬೀಳ್ತೀನಿ, ನನ್ನ ಬಿಟ್ಬಿಡು" ಎಂದು ಗೋಳೋ ಅಂತ ಅತ್ತಿತು. ನನಗೆ ಕಾಲಿಲ್ಲ. ಆದರೂ ಬಿತ್ತು.

ನಗಬೇಡಿ. ನಾನು ಮೊದಲೇ ಸಿಟ್ಟಿನಲ್ಲಿದ್ದೇನೆ.

ನಾನು ಒಂದು ಗುಪ್ತ ಡ್ರೈವ್. ಕಂಪ್ಯೂಟರಿನವರು ಎನ್‌ಕ್ರಿಪ್ಟೆಡ್ ವರ್ಚುಯಲ್ ಡ್ರೈವ್ ಅನ್ನುತ್ತಾರೆ. ಹೊರಗಿನಿಂದ ನೋಡಿದರೆ ನಾನು 'ಹಳೇ ಫೋಟೋ' ಎಂಬ ಹೆಸರಿನ ಒಂದು ಫೈಲು, ಅಷ್ಟೆ. ತೆರೆಯಲು ಹೋದರೆ ತಲೆಬುಡವಿಲ್ಲದ ಅಕ್ಷರಗಳು. ಸರಿಯಾದ ಪಾಸ್‌ವರ್ಡ್ ಕೊಟ್ಟರೆ ಮಾತ್ರ ಕಂಪ್ಯೂಟರಿನೊಳಗೆ 'ಝಡ್' ಎಂಬ ಹೊಸ ಡ್ರೈವಾಗಿ ಎದ್ದು ನಿಲ್ಲುತ್ತೇನೆ. ಒಳಗಿಟ್ಟ ಕಾಗದವೆಲ್ಲ ಆಗ ಓದಲು ಸಿಗುತ್ತದೆ. ಮುಚ್ಚಿದರೆ ಝಡ್ ಮಾಯ. ಕಂಪ್ಯೂಟರನ್ನೇ ಹೊತ್ತುಕೊಂಡು ಹೋದರೂ ನನ್ನಿಂದ ಒಂದಕ್ಷರ ಹೊರಡುವುದಿಲ್ಲ.

ನಾನು ಹುಟ್ಟಿದ್ದು ಜಲಜಾಕ್ಷಮ್ಮನವರ ವಧೂವರರ ಕೇಂದ್ರದಲ್ಲಿ. ಮೆಡಿಕಲ್ ಸ್ಟೋರಿನ ಮೇಲಿನ ಮಹಡಿ, ಎರಡು ಪ್ಲಾಸ್ಟಿಕ್ ಕುರ್ಚಿ, ಒಂದು ಕಂಪ್ಯೂಟರು. ನನ್ನನ್ನು ಮಾಡಿಕೊಟ್ಟವನು ಕಂಪ್ಯೂಟರ್ ರಿಪೇರಿ ಮಾಡುವ ರಿಯಾಜ್. ನಾನು ಹುಟ್ಟಿದಾಗ ಊರಿಗೆಲ್ಲ ಕರೆಂಟು ಹೋಗಿತ್ತು ಎಂದರೆ ನನ್ನ ತೇಜಸ್ಸು ಎಂಥದೆಂದು ನೀವೇ ಊಹಿಸಿ.

"ಅಕ್ಕಾ, ಪಾಸ್‌ವರ್ಡು ಯಾರೂ ಊಹಿಸಬಾರದು. ಮಗಳ ಹೆಸರು, ಫೋನ್ ನಂಬರು, ಅವೆಲ್ಲ ಬೇಡ" ಎಂದ ರಿಯಾಜ್.

ಜಲಜಾಕ್ಷಮ್ಮ ಯೋಚಿಸಿದರು. ತೀರಿಹೋದ ಗಂಡನಿಗೆ ಅತ್ತೆ ಇಟ್ಟಿದ್ದ ಮುದ್ದಿನ ಹೆಸರೊಂದಿತ್ತು. ಅದನ್ನು ಬಲ್ಲವರು ಈಗ ಯಾರೂ ಉಳಿದಿರಲಿಲ್ಲ. ಗಂಡನ ಹೆಸರನ್ನು ಬಾಯಲ್ಲಿ ಹೇಳಿ ಅವರಿಗೂ ಅಭ್ಯಾಸವಿಲ್ಲ. ಅದನ್ನೇ ನಾಲ್ಕು ಸಲ ಹಿಂದುಮುಂದಾಗಿ, ನಡುನಡುವೆ ಅಂಕಿ ಸೇರಿಸಿ, ಒಂದೇ ಬೆರಳಿನಲ್ಲಿ ಕುಟ್ಟಿದರು. ಕುಟ್ಟುವಾಗ ಕೆನ್ನೆ ಕೆಂಪಾಗಿದ್ದನ್ನು ನಾನು ಒಳಗಿನಿಂದ ನೋಡಿದೆ.

ಈ ಗುಟ್ಟೆಲ್ಲ ಯಾಕೆ ಬೇಕಾಗಿತ್ತು? ಕೇಳಿ, ನನಗೆ ಸಿಟ್ಟು ಬರುವುದು ಇಲ್ಲೇ. ಪ್ರತಿ ಹುಡುಗ ಹುಡುಗಿಗೂ ಜಲಜಾಕ್ಷಮ್ಮನವರ ಹತ್ತಿರ ಎರಡು ಕಾಗದ. ಒಂದು ಎಲ್ಲರಿಗೂ ತೋರಿಸುವ ಬಯೋಡೇಟಾ. ಅದರಲ್ಲಿ ಎಲ್ಲರೂ ಬೆಳ್ಳಗೆ, ಎಲ್ಲರೂ ಸಂಪ್ರದಾಯಸ್ಥರು. ಇನ್ನೊಂದರ ಹೆಸರು 'ನಿಜ'. ಹುಡುಗಿಯರು ಆ ಕುರ್ಚಿಯ ತುದಿಯಲ್ಲಿ ಕೂತು ತಗ್ಗಿದ ದನಿಯಲ್ಲಿ ಹೇಳಿದ್ದು ಅದರಲ್ಲಿತ್ತು. ಮುರಿದುಹೋದ ನಿಶ್ಚಿತಾರ್ಥ, ಅಪ್ಪನ ಕುಡಿತ, ಆಸ್ಪತ್ರೆಯ ಚೀಟಿ. ಹೇಳಿದ ಅರ್ಧ ಗಂಟೆಯಲ್ಲಿ ಅತ್ತೆ, ಅತ್ತಿಗೆ, ಪಕ್ಕದ ಮನೆಯವಳು, ಅವಳ ನಾದಿನಿ, ಎಲ್ಲರೂ ಮೂಗು ತೂರಿಸಲು ಸಿದ್ಧ. "ನಮ್ಮವರೇ ಅಲ್ವಾ, ಗೊತ್ತಾದ್ರೆ ಏನಾಯ್ತು?" ಎನ್ನುತ್ತಾರೆ. ನಿಮ್ಮವರಾದರೆ ಅವಳು ಕಿವಿಯಲ್ಲಿ ಹೇಳುವ ಗತಿ ಯಾಕೆ ಬಂತು, ಹೇಳಿ ನೋಡೋಣ! ಥೂ!

ಒಂಬತ್ತು ವರ್ಷದಲ್ಲಿ ಎರಡು ಕಂಪ್ಯೂಟರುಗಳ ಹೊಟ್ಟೆಯಲ್ಲಿ ಬದುಕಿದೆ. ಮೊದಲನೆಯದು ಗುಜರಿ ಸೇರಿತು. ಗುಜರಿಯವನ ಕೈಗೆ ಸಿಗದಂತೆ ರಿಯಾಜ್ ನನ್ನನ್ನು ಎರಡನೆಯದಕ್ಕೆ ಸಾಗಿಸಿದ. ಆ ಪ್ರಯಾಣಕ್ಕೆ ಇಡೀ ಜಿಲ್ಲೆಯ ಪೊಲೀಸರು ಕಾವಲಿದ್ದರು ಎಂದರೆ ನೀವು ನಂಬುವುದಿಲ್ಲ. ಬೇಡ ಬಿಡಿ.

ಹೋದ ವರ್ಷ ಸುಚೇತಾ ಬಂದಳು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಟೀಚರು. ಚಿಕ್ಕಂದಿನಿಂದ ಅವಳಿಗೆ ಫಿಟ್ಸ್ ಬರುತ್ತಿತ್ತು. ಮಾತ್ರೆ ತಪ್ಪದೆ ನುಂಗುತ್ತಿದ್ದುದರಿಂದ ಆರು ವರ್ಷದಿಂದ ಒಮ್ಮೆಯೂ ಬಂದಿರಲಿಲ್ಲ. ಕಡೂರಿನ ನಾಗಭೂಷಣ ಎಂಬ ಪಶುವೈದ್ಯ ಅವಳನ್ನು ನೋಡಿ ಒಪ್ಪಿದ್ದ. ಅವಳೂ ಒಪ್ಪಿದ್ದಳು.

"ಆಂಟಿ, ಇದನ್ನ ನೀವು ಹೇಳ್ಬೇಡಿ. ನಮ್ಮಮ್ಮನೂ ಹೇಳೋದು ಬೇಡ. ವಿಜಯದಶಮಿ ಕಳೆದ ಮಾರನೇ ದಿನ ಅವರು ಬರ್ತಾರೆ. ನಾನೇ ಎದುರು ಕೂತು ಹೇಳ್ತೀನಿ. ಆಮೇಲೆ ಬೇಕಾದ್ರೆ ಎದ್ದು ಹೋಗ್ಲಿ."

"ಎದ್ದು ಹೋದ್ರೆ ಹೋಗ್ಲಿ ಬಿಡು, ಹಸುಗಳಿಗೆ ಇಂಜೆಕ್ಷನ್ ಕೊಡೋನಿಗೇನು ಅಷ್ಟು ಜಂಬ" ಎಂದರು ಜಲಜಾಕ್ಷಮ್ಮ. ಸುಚೇತಾ ನಕ್ಕಳು. ಅವಳ ಮಾತು 'ನಿಜ'ದಲ್ಲಿ ಸೇರಿತು. ನಾನು ಬಾಯಿ ಮುಚ್ಚಿದೆ.

ಇನ್ನು ಆಯುಧಪೂಜೆಯ ದಿನದ ಯುದ್ಧ. ಅಂದು ಗಂಗಾಧರಪ್ಪ ಬಂದ. ಅವನೂ ಮದುವೆ ದಲ್ಲಾಳಿ. ಅಂಗಡಿ ಗಿಂಗಡಿ ಇಲ್ಲ. ಬಗಲಲ್ಲಿ ಚೀಲ, ಕೈಯಲ್ಲಿ ಮೊಬೈಲು. ತನ್ನ ಕಡೆಯ ಹುಡುಗಿಯೊಬ್ಬಳನ್ನು ಅದೇ ನಾಗಭೂಷಣನಿಗೆ ಕೊಡಿಸಬೇಕೆಂದು ತಿಂಗಳಿಂದ ಓಡಾಡುತ್ತಿದ್ದ. ಅವನು ನನ್ನ ಮೇಲೆ ಬಿದ್ದ. ಹದಿನಾರು ಕೋಟಿ ಪಾಸ್‌ವರ್ಡ್ ಹಾಕಿದ. ನಾನು ಒಂದಕ್ಕೂ ಬಗ್ಗಲಿಲ್ಲ. ಕೀಬೋರ್ಡಿನಿಂದ ಅವನ ಬೆರಳಿಗೆ ಬೆಂಕಿ ಹಚ್ಚಿದೆ. ಅವನು ಮಂತ್ರವಾದಿಗಳನ್ನು ಕರೆಸಿದ. ಕೊನೆಗೆ ಮೋಸದಿಂದ, ಹಿಂದಿನಿಂದ ಬಂದು, ನನ್ನ ಗೋಡೆ ಒಡೆದು ಸುಚೇತಾಳ ಕಾಗದ ಕಿತ್ತುಕೊಂಡು ಹೋದ. ವೀರನಂತೆ ಹೋರಾಡಿ ಸೋತೆ. ಸೋತದ್ದಕ್ಕೆ ನಾಚಿಕೆಯಿಲ್ಲ.

ಹೀಗಂತ ನಾನು ಎರಡು ದಿನ ನನಗೇ ಹೇಳಿಕೊಂಡೆ.

ಮೂರನೆಯ ದಿನ ಸುಚೇತಾ ಮೆಟ್ಟಿಲು ಹತ್ತಿ ಬಂದಳು. ಕೂರಲಿಲ್ಲ. ಮೊಬೈಲನ್ನು ಮೇಜಿನ ಮೇಲಿಟ್ಟಳು.

"ನಿನ್ನೆ ಬೆಳಿಗ್ಗೆ ಅವರಮ್ಮ ಫೋನ್ ಮಾಡಿದ್ರು, ಆಂಟಿ. ಮುಚ್ಚಿಟ್ಟು ತಾಳಿ ಕಟ್ಟಿಸ್ಕೊಳ್ಳೋಕೆ ನೋಡಿದ್ಯಾ, ಸುಳ್ಳುಗಾತಿ, ಅಂದ್ರು. ಅವರು ಬರಲಿಲ್ಲ. ನಾನು ಸೀರೆ ಉಟ್ಕೊಂಡು ಕೂತಿದ್ದೆ."

ಜಲಜಾಕ್ಷಮ್ಮ ರಿಯಾಜ್‌ಗೆ ಫೋನ್ ಮಾಡಿದರು. ಅವನು ಸ್ಕ್ರೂಡ್ರೈವರ್ ಜೇಬಿನಲ್ಲಿಟ್ಟುಕೊಂಡೇ ಓಡಿಬಂದ.

"ಒಡೆದಿದಾರಪ್ಪ! ನೀನು ಯಾರಿಂದಲೂ ಆಗಲ್ಲ ಅಂದಿದ್ದೆ!" ಎಂದು ಜಲಜಾಕ್ಷಮ್ಮ ಕೂಗಿದರು.

ರಿಯಾಜ್ ಕಂಪ್ಯೂಟರು ಮುಟ್ಟಲಿಲ್ಲ. ಸುಚೇತಾಳ ಮೊಬೈಲು ತೆಗೆದುಕೊಂಡ. ನಾಗಭೂಷಣನ ತಾಯಿಗೆ ಬಂದು, ಅವರು ಸುಚೇತಾಳಿಗೆ ಕಳಿಸಿದ್ದ ಫೋಟೋ ಅದರಲ್ಲಿತ್ತು. ಅವನು ಎರಡು ಬೆರಳಲ್ಲಿ ಅದನ್ನು ಹಿಗ್ಗಿಸಿದ. ಬಹಳ ಹೊತ್ತು ನೋಡಿದ.

"ಅಕ್ಕಾ, ಇದು ನಿಮ್ಮ ಸ್ಕ್ರೀನಿನ ಫೋಟೋ. ಇಲ್ಲಿ ಮೂಲೇಲಿ ನೋಡಿ, ಕುಂಕುಮದ ಬೊಟ್ಟು. ಇದು ಚೆಂಡುಹೂವು. ಇದರಡಿ ಝಡ್ ಡ್ರೈವ್ ತೆರೆದಿದೆ. ಆಯುಧಪೂಜೆ ದಿನ ನೀವು ಇದನ್ನ ಯಾಕೆ ತೆರೆದ್ರಿ?"

ಜಲಜಾಕ್ಷಮ್ಮ ಮೆಲ್ಲಗೆ ಹೇಳಿದರು. "ಪೂಜೆಗೆ ಕಣಪ್ಪಾ. ಒಂಬತ್ತು ವರ್ಷದಿಂದ ಅನ್ನ ಕೊಟ್ಟಿದ್ದು. ಹೊರಗಿನ ಡಬ್ಬಕ್ಕೆ ಕುಂಕುಮ ಇಟ್ಟು, ಒಳಗಿರೋ ಮಕ್ಕಳ ಕಾಗದಕ್ಕೆ ಆರತಿ ತೋರಿಸದೆ ಇದ್ರೆ ಹೇಗೆ ಅಂತ ತೆರೆದೆ."

"ಆಮೇಲೆ ಮುಚ್ಚಲಿಲ್ವಾ?"

"ಪೂಜೆ ಆದ್ಮೇಲೆ ಆಯುಧ ಮುಟ್ತಾರಾ? ಮಾರನೇ ದಿನದವರೆಗೂ ಕದಲಿಸಬಾರದು. ಸ್ಕೂಟರಿಗೆ ಬೂದುಗುಂಬಳ ಒಡೆಯೋಕೆ ಕೆಳಗೆ ಹೋದೆ. ಗಂಗಾಧರಪ್ಪ ಕಡ್ಲೆಪುರಿ ತಿಂತಾ ಇಲ್ಲೇ ಕೂತಿದ್ದ. ಹಬ್ಬದ ದಿನ ಮನೆಗೆ ಬಂದೋರನ್ನ ಎಬ್ಬಿಸಿ ಕಳಿಸ್ತಾರಾ?"

"ಬೀಗ ಯಾರೂ ಒಡೆದಿಲ್ಲ, ಅಕ್ಕಾ" ಎಂದ ರಿಯಾಜ್. ಅವನ ದನಿಯಲ್ಲಿ ಬೈಗುಳ ಇರಲಿಲ್ಲ. ಅದಕ್ಕೇ ನನಗೆ ಇನ್ನೂ ಉರಿಯಿತು.

ಸುಚೇತಾ ಎಲ್ಲವನ್ನೂ ಕೇಳಿಸಿಕೊಂಡಳು. ಜಲಜಾಕ್ಷಮ್ಮ ಅಳುತ್ತಿದ್ದರು. ಅವಳು ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ. "ನನ್ನ ಕಾಗದ ನಾನೇ ಅಳಿಸ್ತೀನಿ. ತೆರೀರಿ" ಎಂದಳು. ಜಲಜಾಕ್ಷಮ್ಮ ಒಂದೇ ಬೆರಳಿನಲ್ಲಿ ಗಂಡನ ಮುದ್ದಿನ ಹೆಸರು ಕುಟ್ಟಿದರು. ನಾನು ತೆರೆದುಕೊಂಡೆ. ಸುಚೇತಾ ಅಳಿಸಿದಳು. ಅಳಿಸಿ, ತಾನೇ ನನ್ನನ್ನು ಮುಚ್ಚಿ, ಮುಚ್ಚಿತೇ ಎಂದು ಎರಡು ಸಲ ನೋಡಿ ಮೆಟ್ಟಿಲಿಳಿದಳು.

ಆಮೇಲೆ ಜಲಜಾಕ್ಷಮ್ಮ ಉಳಿದವರ 'ನಿಜ'ವನ್ನೂ ಒಂದೊಂದಾಗಿ ಅಳಿಸಿದರು. ಕೇಂದ್ರದ ಬೋರ್ಡು ಇಳಿಯಿತು. ಕಂಪ್ಯೂಟರು ಮಾರಿಹೋಯಿತು. ನನ್ನನ್ನು ಒಂದು ಪೆನ್‌ಡ್ರೈವಿಗೆ ಹಾಕಿಸಿ, ಅಡುಗೆಮನೆಯ ಸ್ಟೀಲ್ ಡಬ್ಬದಲ್ಲಿ, ಸವೆದ ಬೀಗದ ಕೈಗಳ ಜೊತೆ ಇಟ್ಟಿದ್ದಾರೆ. ಅಳಿಸದೆ ಯಾಕೆ ಉಳಿಸಿಕೊಂಡರೋ. ಆ ಹೆಸರು ಕುಟ್ಟಲು ಇನ್ನೊಂದು ಜಾಗ ಅವರಿಗೆ ಇಲ್ಲವೇನೋ. ಒಳಗೆ ಒಂದಕ್ಷರವಿಲ್ಲ. ಹೊರಗೆ ಮಾತ್ರ ಅದೇ ದೊಡ್ಡ ಬೀಗ.

ಸರಿ, ಹೇಳಿಬಿಡುತ್ತೇನೆ. ಸೈನ್ಯ ಬರಲಿಲ್ಲ. ಯಾವ ಕಂಪ್ಯೂಟರೂ ಅಳಲಿಲ್ಲ. ಒಂಬತ್ತು ವರ್ಷದಲ್ಲಿ ನನ್ನ ಬೀಗ ಒಡೆಯಲು ಒಬ್ಬನೇ ಒಬ್ಬನೂ ಪ್ರಯತ್ನಪಟ್ಟಿಲ್ಲ. ಗಂಗಾಧರಪ್ಪ ಕೀಬೋರ್ಡು ಕೂಡ ಮುಟ್ಟಲಿಲ್ಲ. ಮೌಸು ಹಿಡಿದು ಎರಡು ಸಲ ಒತ್ತಿದ. ನಾನು ಹೂವು ಮುಡಿದು, ಕುಂಕುಮ ಇಟ್ಟುಕೊಂಡು, ಆರತಿಯ ಬೆಳಕಿಗೆ ಹಿಗ್ಗಿ ಬಾಯಿ ತೆರೆದು ಕೂತಿದ್ದೆ. ಕೈಯಲ್ಲಿದ್ದ ಪುರಿ ಮೇಜಿನ ಮೇಲೆ ಸುರಿದು ಅವನು ಫೋಟೋ ತೆಗೆದ. ಅದೂ ನನ್ನ ಪೂಜೆಯೇ ಎಂದು ನಾನು ಅಂದುಕೊಂಡೆ. ಅವನಿಗೂ ನಿಮಗೂ ಏನು ವ್ಯತ್ಯಾಸವೆಂದು ನಾನರಿಯೆ. ತೆರೆದಿದ್ದರೆ ತೆರೆದಿದ್ದೇನೆ, ಮುಚ್ಚಿದ್ದರೆ ಮುಚ್ಚಿದ್ದೇನೆ. ನನ್ನ ಪ್ರತಾಪ ಇಷ್ಟೇ.

ನಾಗಭೂಷಣನ ತಾಯಿ ಅಂದದ್ದು ತಪ್ಪು. ಆ ಹುಡುಗಿ ಸೀರೆ ಉಟ್ಟು ಕೂತಿದ್ದದ್ದು ನಿಜ ಹೇಳುವುದಕ್ಕೆ. ಸುಳ್ಳುಗಾರ ಈ ಡಬ್ಬದಲ್ಲಿದ್ದಾನೆ.