ಗುತ್ತಿಗೆದಾರನ ನೀರು

ಸುರಪುರದ ಗುಡ್ಡದ ತಪ್ಪಲಲ್ಲಿ ಹೆಣ್ಣುಮಕ್ಕಳ ವಸತಿಗೃಹವೊಂದು ಏಳುತ್ತಿತ್ತು. ಅದನ್ನು ಕಟ್ಟಿಸುತ್ತಿದ್ದವರು ಟ್ರಸ್ಟಿನ ಅಧ್ಯಕ್ಷೆ, ನಿವೃತ್ತ ಶಿಕ್ಷಕಿ ಪರಿಮಳಾ. ಕಟ್ಟುತ್ತಿದ್ದವನು ಗುತ್ತಿಗೆದಾರ ಬಸವಂತ್ರಾಯ. ಇಬ್ಬರ ನಡುವೆ ತಕ್ಕಡಿಯ ಮುಳ್ಳಿನಂತೆ ನಿಲ್ಲಬೇಕಾದವನು ಶಹಾಪುರದಿಂದ ಬಸ್ಸಿನಲ್ಲಿ ಬಂದುಹೋಗುವ ಸ್ವತಂತ್ರ ಕರಾರು ನಿರ್ವಾಹಕ ಮನ್ಸೂರಅಲಿ. ಕೆಲಸವು ಕರಾರಿನಂತೆ ನಡೆದಿದೆಯೇ ಎಂದು ನೋಡಿ ಅವನು ಕೊಡುವ ತೀರ್ಪಿಗೆ ಇಬ್ಬರೂ ಬದ್ಧರು. ಅವನನ್ನು ತೆಗೆಯಬೇಕಾದರೂ ಇಬ್ಬರೂ ಒಪ್ಪಬೇಕು.

ಮೊದಲ ದಿನವೇ ಅವನು ಪರಿಮಳಾ ಕೊಟ್ಟ ಚಹಾವನ್ನು ಕೈಮುಗಿದು ನಿರಾಕರಿಸಿದ್ದ. "ಕಟ್ಟಡ ಮುಗಿಯೂತನಕ ಯಾರ ಕಡಿ ನೀರೂ ಬ್ಯಾಡ್ರಿ ಅಕ್ಕಾರ. ಬ್ಯಾಸರ ಮಾಡ್ಕೋಬ್ಯಾಡ್ರಿ." ಅವನ ಚೀಲದಲ್ಲಿ ಅವನದೇ ಬಾಟಲಿ. ಪಂಚರು ವಾದಿ ಪ್ರತಿವಾದಿಗಳ ಮನೆಯ ನೀರು ಮುಟ್ಟಬಾರದೆಂಬ ಹಿರಿಯರ ಕಟ್ಟಳೆ ನೆನಪಾಗಿ ಆಕೆಗೆ ಗೌರವ ಹುಟ್ಟಿತ್ತು.

ಉಸುಕಿನ ಲಾರಿಗಳು ನಿಂತುಹೋದಾಗ ಅವನು ಬಸವಂತ್ರಾಯನಿಗೆ ಹೆಚ್ಚಿನ ಅವಧಿ ಕೊಟ್ಟ. ಆ ಗೌರವಕ್ಕೆ ಗೆದ್ದಲು ಹತ್ತಿದ್ದು ಆಗ. ಟ್ರಸ್ಟಿನ ಹುಡುಗಿಯರು ಬಾಡಿಗೆ ಮನೆಯ ಒಂದೇ ಬಚ್ಚಲಿಗೆ ಇನ್ನೂ ಸರದಿ ನಿಲ್ಲುತ್ತಿದ್ದರು. ಜೂನಿಗೆ ಹೊಸ ಮನೆಯೆಂದು ಆಕೆ ಮಾತು ಕೊಟ್ಟಾಗಿತ್ತು.

ವೈಶಾಖದ ಒಂದು ಮಧ್ಯಾಹ್ನ ಆಕೆ ಹೇಳದೆ ಕೇಳದೆ ಕಟ್ಟಡಕ್ಕೆ ಬಂದರು. ಸಿಮೆಂಟಿನ ಶೆಡ್ಡಿನ ಹಿಂದೆ ಮನ್ಸೂರಅಲಿ ಒಬ್ಬನೇ ನಿಂತು, ಗುತ್ತಿಗೆದಾರನ ಡ್ರಮ್ಮಿನಿಂದ ಬೊಗಸೆಯಲ್ಲಿ ನೀರೆತ್ತಿ ಬಾಯಿಗಿಟ್ಟ. ಅತ್ತಿತ್ತ ನೋಡಿ ತನ್ನ ಬಾಟಲಿಗೂ ತುಂಬಿಕೊಂಡ. ಪರಿಮಳಾ ಕಂಬದ ಮರೆಯಲ್ಲೇ ಉಳಿದರು. ನೀರು ಒಳಹೊಕ್ಕ ದಾರಿಯಲ್ಲಿ ಊಟ ಹೋಗದೆ? ಊಟ ಹೋದ ದಾರಿಯಲ್ಲಿ ಲಕೋಟೆ ಹೋಗದೆ?

ಮರುದಿನವೇ ಆಕೆ ಬಸವಂತ್ರಾಯನಿಗೆ, "ಈ ಮನಶ್ಯಾನ್ನ ಬದಲಿ ಮಾಡೂಣು, ನೀವೂ ಒಪ್ಪರಿ," ಎಂದರು.

"ಯಾಕ್ರಿ ಅಕ್ಕಾರ? ಪಾಪ, ಭಾಳ ಛಲೋ ಮನಶ್ಯಾ. ಇರಲಿ ಬಿಡ್ರಿ," ಎಂದು ಅವನು ನಕ್ಕ.

ಆ ನಗೆಯೇ ಸಾಕಾಗಿತ್ತು. ಸಂಶಯವೆಂಬುದು ಹಾವಿನ ಮರಿ, ಹುಟ್ಟುವಾಗ ಹುಲ್ಲುಕಡ್ಡಿ.

ವಾರ ಕಳೆದು ಅದೇ ಬಸವಂತ್ರಾಯ ಬೆವರೊರೆಸುತ್ತ ಆಕೆಯ ಮನೆಗೆ ಬಂದ. "ನೀವು ಅಂದದ್ದೇ ಖರೆರಿ! ಅವನ್ನ ತೆಗೀರಿ, ನಾನೂ ಒಪ್ಪೇನಿ. ಹೊಸಾ ಕಂಬ ಎಲ್ಲಾ ಒಡೀ ಅಂತಾನ! ಕಾಂಕ್ರೀಟ್ ಕಲಸೂ ನನ್ನ ಡ್ರಮ್ಮಿನ ನೀರು ಒಯ್ದು ಕಲಬುರಗ್ಯಾಗ ಪರೀಕ್ಷಾ ಮಾಡ್ಸ್ಯಾನ. ಉಪ್ಪದ ಅಂತ."

ಸೆರಗಿಗೆ ಕೈ ಒರೆಸುತ್ತ ಪರಿಮಳಾ ಕೇಳಿದರು, "ತಿಂಥಣಿ ಹೊಳಿ ನೀರು ತರಬೇಕಂತ ಕರಾರಿನಾಗ ಇತ್ತಲ್ಲ?"

"ಬೋರಿನ ನೀರೂ ನೀರೇ ಅಲ್ಲೇನ್ರಿ? ಬಣ್ಣಾ ಹೊಡದ ಮ್ಯಾಲ ಕಂಬ ಬಾಯಿಬಿಟ್ಟು ಹೇಳ್ತಾದೇನು? ನೀವು ಹೂಂ ಅನ್ರಿ, ಜೂನಿಗೆ ಕೀಲಿ ನಿಮ್ಮ ಕೈಯಾಗ."

ಜೂನ್! ಆಕೆಗೆ ಬೇಕಾಗಿದ್ದುದೂ ಅದೇ, ಕೇಳಿದ್ದುದೂ ಇದೇ ಒಪ್ಪಿಗೆ. ಆದರೆ ಅಂದು ಬಿಡಲೊಲ್ಲದವನಿಗೆ ಇಂದೇಕೆ ಈ ಆತುರ? ಆಕೆ ಕಟ್ಟಡಕ್ಕೆ ನಡೆದರು. ಡ್ರಮ್ಮಿನಿಂದ ಬೊಗಸೆಯೆತ್ತಿ ನಾಲಿಗೆಗಿಟ್ಟರು. ಸವುಳು, ಕಟುವಾದ ಸವುಳು. ಈ ಉಪ್ಪು ಕಂಬದೊಳಗಿನ ಕಬ್ಬಿಣವನ್ನು ಸದ್ದಿಲ್ಲದೆ ತಿನ್ನುವುದು. ಅದರಡಿ ಹುಡುಗಿಯರು ಮಲಗುವರು.

"ಒಡೀರಿ," ಎಂದರು, ಹಿಂದೆಯೇ ಬಂದಿದ್ದ ಬಸವಂತ್ರಾಯನಿಗೆ.

ಕಂಬಗಳು ಉರುಳಿದ ದಿನ ಪರಿಮಳಾ ಮನ್ಸೂರಅಲಿಯ ಮುಂದೆ ತಾಮ್ರದ ಲೋಟದಲ್ಲಿ ನೀರು ಹಿಡಿದರು. ಅವನು ಕೈಮುಗಿದ.

"ಇನ್ನೊಂದು ಮಾತದ್ರಿ ಅಕ್ಕಾರ. ಹೊಳಿ ನೀರಿನ ಪರವಾನಗಿ ನೀವೂ ತಡಾ ಮಾಡಿ ತಂದ್ರಿ. ಅಷ್ಟು ದಿನಾ ಅವಗ ಹೆಚ್ಚಿಗಿ ಕೊಡಬೇಕಾಗ್ತದ."

ಆಕೆಯ ಕಣ್ಣುಗಳು ಮತ್ತೆ ಸಂಶಯದಿಂದ ಕಿರಿದಾದವು. "ಅಂದ್ರ ನೀವು ಅವನ ಕಡಿನೇ ಏನು?"

"ನಾ ನಿಮ್ಮ ಕಡಿ ಅಂತ ಅವ ಅಂತಾನ್ರಿ," ಎಂದು ಮನ್ಸೂರಅಲಿ ತನ್ನ ಬಾಟಲಿಯ ಮುಚ್ಚಳ ತೆರೆದ.

ಆಕೆ ಆ ಬಾಟಲಿಯನ್ನೇ ಒಂದು ಗಳಿಗೆ ದಿಟ್ಟಿಸಿ, ಲೋಟದ ನೀರನ್ನು ತಾವೇ ಕುಡಿದರು.